ಗ್ಯಾಲರಿಯಿಂದ ಬೀದಿ ನೋಡುವುದು: ಯಾವ ಕ್ಯಾಮೆರಾ, ಎಷ್ಟು ಎತ್ತರ, ಎಷ್ಟು ಹೊತ್ತು?

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮುಂಬಯಿಯ ಮಾಟುಂಗಾದಲ್ಲಿ ಇಡ್ಲಿ ಹೋಟೆಲಿನ ಮುಂದೆ ನಿಂತವರಿಗೆ ಈ ದೃಶ್ಯ ಗೊತ್ತು. ಬಾಗಿಲಲ್ಲಿ ಒಬ್ಬ ಹೆಸರು ಬರೆದುಕೊಳ್ಳುತ್ತಾನೆ. ಹೆಸರು ಕೊಟ್ಟವರು ಫುಟ್‌ಪಾತ್ ಮೇಲೆ ಕಾಯುತ್ತಾರೆ. ಸುಮ್ನೆ ನಡೆದು ಹೋಗುವವರು ರಸ್ತೆಗೆ ಇಳಿಯುತ್ತಾರೆ. ನಮ್ಮ ಕಟ್ಟಡದ ಸೊಸೈಟಿ ಮೀಟಿಂಗಿನಲ್ಲಿ ಇದೇ ಜಗಳ. ಹೋಟೆಲಿನವರದೇ ತಪ್ಪು ಅಂತ ಒಬ್ಬರು, ಅಲ್ಲ ಹೂವಿನವರದು ಅಂತ ಇನ್ನೊಬ್ಬರು. ಮೂರನೇ ಮಹಡಿಯ ಅಜ್ಜಿ ಮಾತ್ರ, "ನಾನು ರಸ್ತೆಗೆ ಇಳಿಯೋದು ಗರ್ದಿಗಲ್ಲಪ್ಪ, ಅಲ್ಲಿ ಕಲ್ಲು ಅಲ್ಲಾಡುತ್ತೆ" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಅಣ್ಣನ ಮಗಳಿದ್ದಾಳೆ. ಅವಳಿಗೆ ಒಂದು ಪ್ರಾಜೆಕ್ಟ್ ಬೇಕಿತ್ತು, ನನಗೆ ಜಗಳ ಮುಗಿಯಬೇಕಿತ್ತು. ಹಾಗಾಗಿ ಕ್ಯಾಮೆರಾ ಇಟ್ಟು ನೋಡೋಣ ಅಂತ ಹೊರಟೆವು. ಆಮೇಲೆ ಅವಳ ಗೆಳತಿಯರ ಕೆಲಸಕ್ಕೂ ಕೈ ಜೋಡಿಸಿ ದಾದರ್, ಮರೀನ್ ಡ್ರೈವ್, ಕಿಂಗ್ಸ್ ಸರ್ಕಲ್ ಅಂತ ಸುತ್ತಿದ್ದಾಯಿತು. "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಈಗ ಪರಿಚಯದವರು ಕೇಳುತ್ತಿರುತ್ತಾರೆ. ಆ ಪ್ರಶ್ನೆಗೆ ನೇರ ಉತ್ತರ ಕೊಡಲು ಆಗುವುದಿಲ್ಲ. ನೀವು ನೋಡಬೇಕಾಗಿರುವುದು ಜನ ನಿಲ್ಲುವುದನ್ನೋ, ನಡೆಯುವುದನ್ನೋ? ಇದು ಗೊತ್ತಾದರೆ ಉಳಿದದ್ದು ತಾನಾಗಿ ಬಗೆಹರಿಯುತ್ತದೆ.

ಟೈಮ್‌ಲ್ಯಾಪ್ಸೋ, ಪೂರ್ತಿ ವಿಡಿಯೋನೋ

ಟೈಮ್‌ಲ್ಯಾಪ್ಸ್ ಅಂದರೆ ಎರಡು ಸೆಕೆಂಡಿಗೋ ಹತ್ತು ಸೆಕೆಂಡಿಗೋ ಒಂದು ಫೋಟೋ ತೆಗೆದು, ಎಲ್ಲವನ್ನೂ ಜೋಡಿಸಿ ಓಡಿಸುವುದು. ಎರಡು ಸೆಕೆಂಡಿಗೆ ಒಂದರಂತೆ ತೆಗೆದರೆ ಒಂದು ಗಂಟೆಗೆ 1800 ಫ್ರೇಮ್, ಅಂದರೆ 1800 ಫೋಟೋ. ಸೆಕೆಂಡಿಗೆ 30 ಫ್ರೇಮ್ ವೇಗದಲ್ಲಿ ಓಡಿಸಿದರೆ ಒಂದೇ ನಿಮಿಷ. ಇಡೀ ಭಾನುವಾರವನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ನೋಡಬಹುದು.

ಈ ಕೆಲಸದಲ್ಲಿ ಎಲ್ಲರೂ ನೆನೆಯುವ ಹೆಸರು ವಿಲಿಯಂ ಎಚ್. ವೈಟ್. 1970ರ ದಶಕದಲ್ಲಿ ನ್ಯೂಯಾರ್ಕಿನ ಕಚೇರಿ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಸೂಪರ್ 8 ಅನ್ನುವ ಸಣ್ಣ ಫಿಲ್ಮ್ ಕ್ಯಾಮೆರಾ ಇಟ್ಟು ಟೈಮ್‌ಲ್ಯಾಪ್ಸ್ ತೆಗೆದವರು. ಕೆಲವು ಬಯಲುಗಳು ತುಂಬಿರುತ್ತವೆ, ಕೆಲವು ಖಾಲಿ, ಯಾಕೆ ಅನ್ನುವುದು ಅವರ ಪ್ರಶ್ನೆ. ಸಿಕ್ಕ ಉತ್ತರ ನಗು ಬರುವಷ್ಟು ಸರಳ: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಆದರೂ ಆ ಉತ್ತರದ ಬಲದ ಮೇಲೆ 1975ರಲ್ಲಿ ನ್ಯೂಯಾರ್ಕ್ ಇಂಥ ಬಯಲುಗಳ ಬಗೆಗಿನ ತನ್ನ ನಿಯಮವನ್ನೇ ತಿದ್ದಿತು. ಅವರು ಕಂಡ ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. ಪರಿಚಯದವರು ಸಿಕ್ಕರೆ ಜನ ಪಕ್ಕಕ್ಕೆ ಸರಿದು ಮಾತಾಡುವುದಿಲ್ಲವಂತೆ, ನಡೆಯುವವರ ದಾರಿಯ ಮಧ್ಯದಲ್ಲೇ ನಿಲ್ಲುತ್ತಾರಂತೆ. ನಮ್ಮ ಮಾರ್ಕೆಟ್ಟಿಗೆ ಒಂದು ಸಂಜೆ ಬನ್ನಿ, ಇದನ್ನು ಕಣ್ಣಾರೆ ನೋಡಬಹುದು. "ಯಾವಾಗ ಬಂದ್ರಿ ಊರಿಂದ?" ಅನ್ನುವ ಮಾತು ಯಾವತ್ತೂ ಫುಟ್‌ಪಾತಿನ ನಟ್ಟನಡುವೆಯೇ ಶುರುವಾಗುತ್ತದೆ.

ನಿಲ್ಲುವುದು, ಕೂರುವುದು, ಕಾಯುವುದು, ನೆರಳಿನ ಜೊತೆ ಸರಿಯುವುದು, ಇವಕ್ಕೆಲ್ಲ ಟೈಮ್‌ಲ್ಯಾಪ್ಸೇ ಸರಿ. ಪೂರ್ತಿ ವಿಡಿಯೋದಲ್ಲಿ ಇವು ಕಾಣುವುದೇ ಇಲ್ಲ. ಒಬ್ಬ ಇಪ್ಪತ್ತು ನಿಮಿಷ ಕೂತಿದ್ದನ್ನು ಇಪ್ಪತ್ತು ನಿಮಿಷ ನೋಡುವ ತಾಳ್ಮೆ ಯಾರಿಗಿದೆ?

ನಡೆಯುವುದಕ್ಕೆ ಮಾತ್ರ ಅದು ಸಾಲದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2–1.3 ಮೀಟರ್. ನಮ್ಮ ಗ್ಯಾಲರಿಯಿಂದ, ಅಂದರೆ ಬಾಲ್ಕನಿಯಿಂದ, ಕಾಣುವ ಫುಟ್‌ಪಾತ್ ಸುಮಾರು ಹತ್ತು ಮೀಟರ್. ಅಂದರೆ ಒಬ್ಬ ಮನುಷ್ಯ ಫ್ರೇಮಿನಲ್ಲಿ ಇರುವುದು ಎಂಟು ಸೆಕೆಂಡ್. ಎರಡು ಸೆಕೆಂಡಿಗೆ ಒಂದು ಫೋಟೋ ಆದರೆ ನಾಲ್ಕು ಸಲ ಸಿಗುತ್ತಾನೆ. ಹತ್ತು ಸೆಕೆಂಡಿಗೆ ಒಂದು ಆದರೆ ಸಿಗದೆಯೂ ಹೋಗಬಹುದು. ಮೊದಲ ಭಾನುವಾರ ನಾವು ಹತ್ತು ಸೆಕೆಂಡ್ ಇಟ್ಟಿದ್ದೆವು. ಹೋಟೆಲಿನ ಮುಂದೆ ಕಾಯುವವರು ಚೆನ್ನಾಗಿ ಬಂದಿದ್ದರು, ನಡೆಯುವವರು ಭೂತದ ಹಾಗೆ ಅಲ್ಲೊಮ್ಮೆ ಇಲ್ಲೊಮ್ಮೆ ಹೊಳೆದು ಮಾಯ.

ಅದರಲ್ಲೂ ಒಂದು ವಿಷಯ ಕಣ್ಣಿಗೆ ಬಿತ್ತು. ಹೋಟೆಲಿನ ಗುಂಪಿಗೂ ಹೂವಿನ ಅಂಗಡಿಗೂ ನಡುವೆ ಒಂದು ಮೂಲೆ ಯಾವಾಗಲೂ ಖಾಲಿ. ಗುಂಪಿಗೆ ಹೆದರಿ ಜನ ಮೊದಲೇ ಇಳಿದು ಹೋಗುತ್ತಾರೆ ಅಂದುಕೊಂಡೆವು. ಮುಂದಿನ ವಾರ ಅದೇ ಜಾಗವನ್ನು ಅರ್ಧ ಗಂಟೆ ಪೂರ್ತಿ ವೇಗದಲ್ಲಿ ತೆಗೆದೆವು. ಆಗ ಕಂಡದ್ದೇ ಬೇರೆ. ಸೀರೆ ಉಟ್ಟ ಹೆಂಗಸರು, ಕೋಲು ಹಿಡಿದ ಗಂಡಸರು ಆ ಮೂಲೆಗೆ ನಾಲ್ಕು ಹೆಜ್ಜೆ ಮೊದಲೇ ತಲೆ ತಗ್ಗಿಸುತ್ತಾರೆ. ನೆಲ ನೋಡುತ್ತಾರೆ. ಎಡಗಾಲು ಮುಂದಿಟ್ಟು ಭಾರ ಹಾಕಿ ನೋಡಿ, ಹಿಂದೆ ತೆಗೆದು ರಸ್ತೆಗೆ ಇಳಿಯುತ್ತಾರೆ. ಶೂ ಹಾಕಿದ ಹುಡುಗರು ಮಾತ್ರ ಹಾಗೇ ತುಳಿದು ಹೋಗುತ್ತಾರೆ, ಅವರ ಕಾಲಡಿ ಪೇವರ್ ಬ್ಲಾಕ್ ಒಂದು ಪಕ್ಕಕ್ಕೆ ಎದ್ದು ಮತ್ತೆ ಕೂರುತ್ತದೆ. ಮಳೆ ಬಂದ ಮರುದಿನವಾದ್ದರಿಂದ ಅಡಿಯಿಂದ ಕೆಸರು ನೀರು ಚಿಮ್ಮುತ್ತಿತ್ತು. ಅಜ್ಜಿ ಹೇಳಿದ್ದ ಕಲ್ಲು ಅದೇ.

ಕಲ್ಲು ಸರಿಯಾದರೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ, ಗುಂಪಿನ ಕಾಟವೂ ಇತ್ತು. ಆದರೆ ಎಲ್ಲಿ ನೋಡಬೇಕು ಅಂತ ತೋರಿಸಿದ್ದು ಟೈಮ್‌ಲ್ಯಾಪ್ಸ್, ಏನಾಗುತ್ತಿದೆ ಅಂತ ತೋರಿಸಿದ್ದು ಪೂರ್ತಿ ವಿಡಿಯೋ. ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಮೊದಲು ಟೈಮ್‌ಲ್ಯಾಪ್ಸ್ ಅನ್ನುತ್ತೇನೆ. ಪೂರ್ತಿ ವಿಡಿಯೋದ ಬೆಲೆ ಆಮೇಲೆ ಗೊತ್ತಾಗುತ್ತದೆ: ಸಾಮಾನ್ಯ ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ ಮೂರು ನಾಲ್ಕು ಜಿಬಿ, ಕೆಲವು ಫೋನಿನಲ್ಲಿ ಅದರ ಎರಡರಷ್ಟು. ಜಾಗಕ್ಕಿಂತ ಅದನ್ನು ಕೂತು ನೋಡುವ ಹೊತ್ತೇ ದುಬಾರಿ.

ಐಫೋನ್ ಇರುವವರಿಗೆ ಒಂದು ಕಿವಿಮಾತು. ಅದರಲ್ಲೇ ಇರುವ ಟೈಮ್‌ಲ್ಯಾಪ್ಸ್ ನೋಡಲು ಚೆಂದ, ಅಳೆಯಲು ಬೇಡ. ರೆಕಾರ್ಡಿಂಗ್ ಉದ್ದವಾದ ಹಾಗೆ ಅದು ತಾನಾಗಿಯೇ ಫ್ರೇಮ್‌ಗಳ ನಡುವಿನ ಅಂತರವನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಹತ್ತು ನಿಮಿಷದ್ದಕ್ಕೆ ಒಂದು ಲೆಕ್ಕ, ನಲವತ್ತು ನಿಮಿಷದ್ದಕ್ಕೆ ಇನ್ನೊಂದು. ಅಂತರವನ್ನು ನಾವೇ ಗೊತ್ತು ಮಾಡುವಂಥ ಆಪ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಓಪನ್ ಕ್ಯಾಮೆರಾ ಅನ್ನುವ ಪುಕ್ಕಟೆ ಆಪ್ ಸಾಕು.

ಎತ್ತರ

ಅಂಗಡಿಯವನು ಮೆಗಾಪಿಕ್ಸೆಲ್ ಬಗ್ಗೆ ಮಾತಾಡುತ್ತಾನೆ. ನೀವು ಮಹಡಿಯ ಬಗ್ಗೆ ಯೋಚಿಸಿ. ನೆಲಮಟ್ಟದಲ್ಲಿ ಇಟ್ಟರೆ ಮುಂದಿನವನ ಬೆನ್ನು ಹಿಂದಿನ ಹತ್ತು ಜನರನ್ನು ಮುಚ್ಚುತ್ತದೆ. ಆರನೇ ಮಹಡಿಯಿಂದ ತಲೆಗಳು ಎಣ್ಣೆಗೆ ಸಿಡಿದ ಸಾಸಿವೆಯ ಹಾಗೆ ಕಾಣುತ್ತವೆ. ಎಣಿಸಲು ಒಳ್ಳೆಯದು, ಆದರೆ ಯಾರು ಏನು ಮಾಡುತ್ತಿದ್ದಾರೆ ಗೊತ್ತಾಗದು. ಮೊದಲ ಮಹಡಿ ಅಥವಾ ಎರಡನೇ ಮಹಡಿಯೇ ಹದ. ಕಾಲೂ ಕಾಣುತ್ತದೆ, ಗುಂಪೂ ಬಿಡಿಬಿಡಿಯಾಗಿ ಕಾಣುತ್ತದೆ. ಮುಂಬಯಿಯ ಹಳೇ ಕಟ್ಟಡಗಳ ಗ್ಯಾಲರಿಗಳು ಇದಕ್ಕೇ ಕಟ್ಟಿದ ಹಾಗಿವೆ.

ಎಲ್ಲ ಕಡೆ ಈ ಭಾಗ್ಯ ಇಲ್ಲ. ಕಿಂಗ್ಸ್ ಸರ್ಕಲ್ ಫ್ಲೈಓವರ್ ಕೆಳಗೆ ನರ್ಮದಾ ನದಿಯ ಹರಿವಿನ ಮಾದರಿಯಲ್ಲಿ ಮಾಡಿದ ಉದ್ದನೆಯ ಪಾರ್ಕ್ ಇದೆಯಲ್ಲ, ಅಲ್ಲಿ ಮೇಲಿರುವುದು ಕಾಂಕ್ರೀಟು. ಯಾವ ಮಹಡಿಯಿಂದಲೂ ಕಾಣದು, ಡ್ರೋನ್ ಹಾರಿಸಿದರೂ ಕಾಣುವುದು ಕಾರುಗಳೇ. ಅಲ್ಲಿ ನಾವು ಕ್ಯಾಮೆರಾ ಬಿಟ್ಟೆವು. ಒಬ್ಬೊಬ್ಬರು ಒಂದೊಂದು ಬೆಂಚಿನಲ್ಲಿ ಕೂತು, ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆವು. ನಡೆಯುವವರಿಗೆ ಬಾಣ, ಕೂತವರಿಗೆ ಚುಕ್ಕಿ, ನಿಂತವರಿಗೆ ಗುಣಿಸುವ ಚಿಹ್ನೆ. ಕೋಪನ್‌ಹೇಗನ್‌ನ ವಾಸ್ತುಶಿಲ್ಪಿ ಯಾನ್ ಗೇಲ್ ಮತ್ತು ಜೊತೆಯವರು 1960ರ ದಶಕದಿಂದ ಮುಖ್ಯವಾಗಿ ಹೀಗೇ ಪೆನ್ನು ಕಾಗದದಲ್ಲಿ ನಗರ ಓದಿದವರು. ಕ್ಯಾಮೆರಾ ಇಲ್ಲದಿರುವುದು ಕೂಡ ಒಂದು ಆಯ್ಕೆ ಅಂತ ಇಲ್ಲಿ ಹೇಳದೆ ಹೋದರೆ ಮೋಸ.

ದಿಕ್ಕನ್ನೂ ನೋಡಿ. ಮರೀನ್ ಡ್ರೈವಿನ ಕಟ್ಟೆ ಟೈಮ್‌ಲ್ಯಾಪ್ಸಿಗೆ ಹೇಳಿ ಮಾಡಿಸಿದ ಜಾಗ. ಸಂಜೆ ಐದಕ್ಕೆ ದೂರ ದೂರ ಕೂತವರ ನಡುವೆ ಇನ್ನಿಬ್ಬರು, ಅವರ ನಡುವೆ ಮತ್ತಿಬ್ಬರು, ಹಲ್ಲಿನ ಸಂದು ತುಂಬಿದ ಹಾಗೆ ಕಟ್ಟೆ ತುಂಬುತ್ತದೆ. ಆದರೆ ಕ್ಯಾಮೆರಾ ಪಶ್ಚಿಮಕ್ಕೆ. ಸೂರ್ಯ ಇಳಿದ ಹಾಗೆ ಎಲ್ಲರೂ ಕಪ್ಪು ಬೊಂಬೆ. ಬೆಳಕನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಆಟೋ ಎಕ್ಸ್‌ಪೋಷರ್ ಒಂದೊಂದು ಫ್ರೇಮಿಗೆ ಒಂದೊಂದು ಬೆಳಕು ಹಾಕಿ, ವಿಡಿಯೋ ಪೂರ್ತಿ ಕಣ್ಣು ಮಿಟುಕಿಸುತ್ತದೆ. ಎಕ್ಸ್‌ಪೋಷರ್ ಲಾಕ್ ಮಾಡಿ, ಅರ್ಧ ಗಂಟೆಗೊಮ್ಮೆ ಬದಲಿಸಿ. ಕೂತವರ ಮುಖ ಸಮುದ್ರದ ಕಡೆ, ನಮಗೆ ಬೆನ್ನು. ಅದೇ ಒಳ್ಳೆಯದು. ಈ ಊರಿನಲ್ಲಿ ಒಂದು ಕೋಣೆಯಲ್ಲಿ ಆರು ಜನ ಇರುವ ಮನೆಯ ಹುಡುಗ ಹುಡುಗಿಗೆ ಆ ಕಟ್ಟೆ ಬಿಟ್ಟರೆ ಜಾಗ ಇಲ್ಲ, ಅಲ್ವಾ. ಜೂಮ್ ಮಾಡುವ ಲೆನ್ಸ್ ಅಲ್ಲಿಗೆ ತರಲೇಬೇಡಿ.

ಎಣಿಸುವುದು ಯಾರು: ಮನುಷ್ಯನೋ, ಸಾಫ್ಟ್‌ವೇರೋ

ಈಗ ಎಲ್ಲರ ಬಾಯಲ್ಲೂ ಎಐ. ವಿಡಿಯೋ ಕೊಟ್ಟರೆ ಪ್ರತಿಯೊಬ್ಬರ ಸುತ್ತ ಒಂದು ಚೌಕ ಬರೆದು, ಎಷ್ಟು ಜನ, ಯಾವ ಕಡೆ ಹೋದರು ಅಂತ ಪಟ್ಟಿ ಕೊಡುತ್ತದೆ. ಯೋಲೋ ಅನ್ನುವ ಮಾದರಿಯನ್ನು ಪುಕ್ಕಟೆ ಇಳಿಸಿಕೊಳ್ಳಬಹುದು, ಅಣ್ಣನ ಮಗಳು ಒಂದು ವಾರಾಂತ್ಯದಲ್ಲಿ ಓಡಿಸಿದಳು. ಖಾಲಿ ಜಾಗದಲ್ಲಿ, ಒಳ್ಳೆ ಬೆಳಕಿನಲ್ಲಿ, ನನಗಿಂತ ಚೆನ್ನಾಗಿ ಎಣಿಸಿತು. ಅದರಲ್ಲಿ ಸುಳ್ಳಿಲ್ಲ.

ಮುಂಬಯಿಯ ಗರ್ದಿಗೆ ಬಂದಾಗ ಕಥೆ ಬೇರೆ. ಇಂಥ ಮಾದರಿಗಳು ಸಾಮಾನ್ಯವಾಗಿ ಕಲಿತಿರುವುದು ಕೋಕೋ ಅನ್ನುವ ಚಿತ್ರಸಂಗ್ರಹದಿಂದ. ಅದರಲ್ಲಿ 80 ಬಗೆಯ ವಸ್ತುಗಳಿವೆ. ಮನುಷ್ಯ ಇದ್ದಾನೆ, ಕೊಡೆ ಇದೆ, ಜಿರಾಫೆ ಕೂಡ ಇದೆ. ಕೈಗಾಡಿ ಇಲ್ಲ. ಆಟೋ ಇಲ್ಲ. (ಮಾಟುಂಗಾದವರಿಗೆ ಆಟೋ ಇಲ್ಲದ ಅಭ್ಯಾಸ ಇದೆ, ಅದು ಸಿಗುವುದು ಸಾಯನ್ ದಾಟಿದ ಮೇಲೆ.) ಚರ್ಚ್‌ಗೇಟ್ ಸ್ಟೇಷನ್ ಹೊರಗೆ ತಲೆಯ ಮೇಲೆ ಊಟದ ಡಬ್ಬಿಗಳ ಉದ್ದನೆಯ ಹಲಗೆ ಹೊತ್ತು ಓಡುವ ಡಬ್ಬಾವಾಲಾನನ್ನು ಮೇಲಿನಿಂದ ನೋಡಿದರೆ ಅದಕ್ಕೆ ಮನುಷ್ಯನೇ ಕಾಣುವುದಿಲ್ಲ. ಅವನು ಲೆಕ್ಕದಿಂದ ಹೊರಗೆ. ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊತ್ತವರ ಗತಿಯೂ ಇದೇ. ಹಾಗೆ ನೋಡಿದರೆ ಫುಟ್‌ಪಾತ್ ಅಗಲ ಯಾರಿಗೆ ಜಾಸ್ತಿ ಬೇಕೋ ಅವರೇ ಲೆಕ್ಕಕ್ಕೆ ಸಿಗದವರು.

ಮಳೆಗಾಲದಲ್ಲಿ ಇನ್ನೂ ತಮಾಷೆ. ಜುಲೈನಲ್ಲಿ ನಾವು ಕೊಟ್ಟ ವಿಡಿಯೋದಲ್ಲಿ ಜನರ ಸಂಖ್ಯೆ ದಿಢೀರ್ ಅಂತ ಕುಸಿದಿತ್ತು. ಜನ ಮನೆಯಲ್ಲಿ ಕೂತಿರಲಿಲ್ಲ, ಕೊಡೆ ಬಿಚ್ಚಿದ್ದರು. ಕೊಡೆಗಳನ್ನು ಎಣಿಸೋಣ ಅಂದರೆ ಒಂದು ಕೊಡೆಯಡಿ ಅಪ್ಪ, ಮಗು, ಸ್ಕೂಲ್ ಬ್ಯಾಗು. ಕೊನೆಗೆ ಕೈಯಲ್ಲೇ ಎಣಿಸಿದೆವು. ಇಬ್ಬರೂ ಬೇರೆಬೇರೆ ಕೂತು ಒಂದೇ ಹತ್ತು ನಿಮಿಷವನ್ನು ಎಣಿಸಿದರೆ ನಮ್ಮಿಬ್ಬರ ನಡುವೆಯೂ ವ್ಯತ್ಯಾಸ ಬಂತು. ಅದು ಬರುವುದೇ. ಎಷ್ಟು ಬಂತು ಅಂತ ಬರೆದಿಟ್ಟುಕೊಂಡರೆ ಸಾಕು, ಸಾಫ್ಟ್‌ವೇರಿನ ತಪ್ಪನ್ನು ತೂಗಲು ಅದೇ ತಕ್ಕಡಿ.

ನನ್ನ ಅಭ್ಯಾಸ ಹೀಗೆ: ಮೊದಲು ಹತ್ತು ನಿಮಿಷ ಕೈಯಲ್ಲಿ ಎಣಿಸಿ, ಅದೇ ಹತ್ತು ನಿಮಿಷ ಸಾಫ್ಟ್‌ವೇರಿಗೆ ಕೊಡಿ. ಹತ್ತಿರ ಬಂದರೆ ಉಳಿದದ್ದನ್ನು ಅದಕ್ಕೇ ಬಿಡಿ. ದೂರ ಹೋದರೆ ಬೆರಳೇ ಗತಿ.

ಹತ್ತೇ ನಿಮಿಷ ಯಾಕೆ? ಪ್ರತಿ ಗಂಟೆಯಲ್ಲಿ ಹತ್ತು ನಿಮಿಷ ಎಣಿಸಿ ಆರರಿಂದ ಗುಣಿಸುವುದು ಗೇಲ್ ಅವರ ಕಡೆಯ ಹಳೇ ಪದ್ಧತಿ. ಕೋಪನ್‌ಹೇಗನ್ ಬೀದಿಗೆ ಅದು ಸಲೀಸು. ಇಲ್ಲಿ ಒಂದು ತೊಡಕಿದೆ. ಮುಂಬಯಿ ಸ್ಟೇಷನ್ ಹೊರಗೆ ಜನ ನಲ್ಲಿ ನೀರಿನ ಹಾಗೆ ಬರುವುದಿಲ್ಲ, ಬಕೆಟ್ ಬಕೆಟ್ ಸುರಿದ ಹಾಗೆ ಬರುತ್ತಾರೆ. ಲೋಕಲ್ ರೈಲು ನಿಂತರೆ ಒಂದು ಬಕೆಟ್. ಬೆಳಿಗ್ಗೆ ಗರ್ದಿ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಎರಡು ಮೂರು ಗಾಡಿ ಸಿಗುತ್ತವೆ, ಲೆಕ್ಕ ನಿಲ್ಲುತ್ತದೆ. ಮಧ್ಯಾಹ್ನ ಗಾಡಿ ತಡವಾದರೆ ನಿಮ್ಮ ಹತ್ತು ನಿಮಿಷದಲ್ಲಿ ಒಂದೂ ಬರದೆ, ಸ್ಟೇಷನ್ ಪಾಳು ಬಿದ್ದಿದೆ ಅಂತ ವರದಿ ಬರೆಯುತ್ತೀರಿ. ಗಡಿಯಾರ ಬಿಡಿ, ಗಾಡಿ ಎಣಿಸಿ.

ಪುಲ್ ಮೇಲೆ ಬೇರೆಯೇ ಲೆಕ್ಕ

ದಾದರಿನ ಪುಲ್‌ಗಳನ್ನು (ಸ್ಟೇಷನ್ನಿನಲ್ಲಿ ಹಳಿ ದಾಟುವ ಪಾದಚಾರಿ ಸೇತುವೆಗಳನ್ನು) ದಿನಾ ಹತ್ತುವವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಎಷ್ಟು ಜನ ಹೋದರು ಅನ್ನುವುದಕ್ಕಿಂತ ಒಂದು ಚದರ ಮೀಟರಿನಲ್ಲಿ ಎಷ್ಟು ಜನ ನಿಂತರು ಅನ್ನುವುದು ಮುಖ್ಯ. ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1971ರಲ್ಲಿ ಇದಕ್ಕೆ ಎ ಇಂದ ಎಫ್‌ವರೆಗೆ ದರ್ಜೆ ಮಾಡಿಟ್ಟರು. ದಾರಿಯಲ್ಲಿ ಒಬ್ಬೊಬ್ಬರಿಗೆ ಸುಮಾರು ಮೂರೂಕಾಲು ಚದರ ಮೀಟರಿಗಿಂತ ಜಾಸ್ತಿ ಜಾಗ ಇದ್ದರೆ ಎ. ಸುಮಾರು ಅರ್ಧ ಚದರ ಮೀಟರಿಗಿಂತ ಕಡಿಮೆ ಆದರೆ ಎಫ್. ಎಫ್‌ನಲ್ಲಿ ನೀವು ನಡೆಯುವುದಿಲ್ಲ, ನಿಮ್ಮನ್ನು ನಡೆಸುತ್ತಾರೆ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಪುಲ್ ಮೇಲೆ ನಡೆದ ಕಾಲ್ತುಳಿತದಲ್ಲಿ 23 ಜನ ತೀರಿಕೊಂಡರು. ಹೊರಗೆ ಜೋರು ಮಳೆ, ಜನ ಮೆಟ್ಟಿಲ ಬಳಿ ಆಸರೆಗೆ ನಿಂತಿದ್ದರು, ಹಿಂದಿನಿಂದ ಗಾಡಿ ಇಳಿದವರು ಬರುತ್ತಲೇ ಇದ್ದರು. ಹೋಗಿ ಬರುವವರನ್ನು ಮಾತ್ರ ಎಣಿಸಿದರೆ ಇಂಥದ್ದು ಕಾಣುವುದಿಲ್ಲ. ನಿಂತವರನ್ನು ಎಣಿಸಬೇಕು. ಪುಲ್ ನೋಡುವವರು ಮೆಟ್ಟಿಲ ಬುಡವನ್ನು ನೋಡಿ, ಅದೂ ಮಳೆಯ ದಿನ. ನಿಂತವರ ಜೊತೆ ಹಿಂದಿನಿಂದ ಬರುವವರೂ ಕಾಣಬೇಕು, ಹಾಗಾಗಿ ಇಲ್ಲಿ ಮಾತ್ರ ಟೈಮ್‌ಲ್ಯಾಪ್ಸ್ ಬೇಡ, ಪೂರ್ತಿ ವಿಡಿಯೋ. ರೈಲ್ವೆ ಜಾಗದಲ್ಲಿ ಟ್ರೈಪಾಡ್ ನಿಲ್ಲಿಸುವ ಮೊದಲು ಅನುಮತಿ ತಗೊಳ್ಳಿ. ಸಿಗದಿದ್ದರೆ ಹೊರಗಿನ ರಸ್ತೆಯ ಕಡೆಯಿಂದ, ಯಾರದಾದರೂ ಕಿಟಕಿಯಿಂದ ನೋಡಿ.

ಸ್ಕೈವಾಕ್, ಅಂದರೆ ರಸ್ತೆಯ ಮೇಲೆ ಎತ್ತರದಲ್ಲಿ ಕಟ್ಟಿದ ನಡಿಗೆ ದಾರಿ, ಆದರೆ ಎರಡು ಕ್ಯಾಮೆರಾ ಬೇಕು. 2008ರಲ್ಲಿ ಬಾಂದ್ರಾದಲ್ಲಿ ಮೊದಲನೆಯದು ಬಂದಾಗಿನಿಂದ ವಾದ ಒಂದೇ: ಜನ ಮೇಲೆ ಹೋಗುತ್ತಾರಾ, ಕೆಳಗೇ ಹೋಗುತ್ತಾರಾ? ಮೇಲಿನದನ್ನು ಮಾತ್ರ ಎಣಿಸಿ ತೀರ್ಪು ಕೊಟ್ಟವರನ್ನು ನಂಬಬೇಡಿ.

ಉಳಿದ ಆಯ್ಕೆಗಳು, ಬೇಗ ಬೇಗ

ಡ್ರೋನ್: ಬಿಟ್ಟುಬಿಡಿ. ಹಳ್ಳಿಯ ಜಾತ್ರೆಗೆ ಚೆನ್ನ. ಮುಂಬಯಿಯಲ್ಲಿ ನಡುವೆ ಏರ್‌ಪೋರ್ಟ್, ದಕ್ಷಿಣಕ್ಕೆ ನೌಕಾಪಡೆ, ಆಗಾಗ ಪೊಲೀಸರ ನಿಷೇಧದ ಆದೇಶ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್ ಆದರೂ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗ, ಕೆಂಪು ವಲಯವೇ. ಅದೂ ಅಲ್ಲದೆ ಡ್ರೋನ್ ಬಂದರೆ ಜನ ತಲೆಯೆತ್ತಿ ನಿಲ್ಲುತ್ತಾರೆ, ನೀವು ನೋಡಬೇಕಿದ್ದ ನಡಿಗೆಯೇ ಹೋಯಿತು.

ಸೊಸೈಟಿಯ ಸಿಸಿಟಿವಿ: ಪುಕ್ಕಟೆ, ಈಗಾಗಲೇ ಇದೆ, ರಾತ್ರಿಯೂ ಓಡುತ್ತದೆ. ಆದರೆ ಅದು ನೋಡುತ್ತಿರುವುದು ಗೇಟನ್ನು. ಕೆಲವು ದಿನಕ್ಕೆ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತದೆ, ಬೇಕಾದ ದಿನ ಕೇಳಲು ಹೋದರೆ ಹೋಗಿರುತ್ತದೆ. ಗಂಟೆ ತಪ್ಪಿರುವುದೂ ಸಾಮಾನ್ಯ.

ಎದೆಗೆ ಕಟ್ಟುವ ಆ್ಯಕ್ಷನ್ ಕ್ಯಾಮೆರಾ: ಗುಂಪು ನೋಡಲು ಅಲ್ಲ, ಒಬ್ಬರ ದಾರಿ ನೋಡಲು. ಕಣ್ಣು ಮಂಜಾದವರ ಜೊತೆ, ಗಾಲಿಕುರ್ಚಿಯವರ ಜೊತೆ ನಡೆದು ತೆಗೆದರೆ ಮೇಲಿನ ಯಾವ ಕ್ಯಾಮೆರಾವೂ ತೋರಿಸದ್ದು ಸಿಗುತ್ತದೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಕನಿಷ್ಠ ಇರಲಿ ಅನ್ನುತ್ತದೆ. ಎಷ್ಟು ಹೆಜ್ಜೆಗೊಮ್ಮೆ ಅದು ತಪ್ಪುತ್ತದೆ ಅಂತ ಆ ವಿಡಿಯೋದಲ್ಲಿ ಎಣಿಸಬಹುದು.

ಇನ್ನು ಯಾಕೆ ಅನ್ನುವ ಪ್ರಶ್ನೆಗೆ ಇವು ಯಾವುದೂ ಉತ್ತರ ಕೊಡವು. ನಮ್ಮ ಟೈಮ್‌ಲ್ಯಾಪ್ಸಿನಲ್ಲಿ ಒಬ್ಬ ಹುಡುಗ ದಿನಾ ಹನ್ನೊಂದಕ್ಕೆ ಬಸ್‌ಸ್ಟಾಪಿನಲ್ಲಿ ನಿಂತು, ಬಂದ ಬಸ್ಸನ್ನೆಲ್ಲ ಬಿಡುತ್ತಿದ್ದ. ಏನೇನೋ ಊಹೆ ಮಾಡಿದೆವು. ಅಜ್ಜಿಗೆ ತೋರಿಸಿದರೆ, "ಅವನು ಎದುರಿನ ಅಂಗಡಿ ಹುಡುಗ, ಅಲ್ಲೊಂದೇ ನೆರಳು" ಅಂದರು. ಒಂದು ಕ್ಷಣದ ಕೆಲಸ.

ಮುಖ, ಹಗ್ಗ, ಬಾಳೆಲೆ

ಫೋಕಸ್ ಸ್ವಲ್ಪ ಮಬ್ಬಾಗಿರಲಿ. ನಮಗೆ ಬೇಕಿರುವುದು ಕಾಲು, ಮುಖ ಅಲ್ಲ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆ ಬಂದಿದೆ. ಮನೆಯ ಸ್ವಂತ ಬಳಕೆಯನ್ನು ಅದು ಹೊರಗಿಟ್ಟಿದೆ, ಆದರೆ ಪ್ರಾಜೆಕ್ಟ್, ವರದಿ ಅಂತ ಹೋದರೆ ನಿಮ್ಮದು ಸ್ವಂತ ಬಳಕೆ ಅಲ್ಲ. ಎಣಿಸಿ ಮುಗಿದ ಮೇಲೆ ಅಂಕಿ ಇಟ್ಟುಕೊಳ್ಳಿ, ವಿಡಿಯೋ ಅಳಿಸಿ. ಹೂವಿನವರಿಗೂ ಹೋಟೆಲಿನವರಿಗೂ ಮೊದಲೇ ಹೇಳಿ. ಹೇಳದೆ ಇಟ್ಟ ಮೊದಲ ದಿನ ಮುನ್ಸಿಪಾಲಿಟಿ ಗಾಡಿ ಬರುತ್ತದೆ ಅಂತ ಸುದ್ದಿ ಹಬ್ಬಿ, ಒಬ್ಬಾಕೆ ಮಲ್ಲಿಗೆ ಬುಟ್ಟಿ ಎತ್ತಿಕೊಂಡು ಒಳಗಿನ ಗಲ್ಲಿಗೆ ಹೋಗಿಬಿಟ್ಟಿದ್ದಳು. ನಮ್ಮ ಆ ದಿನದ ಲೆಕ್ಕ ಪೂರ್ತಿ ಸುಳ್ಳು.

ಖರ್ಚಿನ ವಿಷಯಕ್ಕೆ ಬಂದರೆ, ಹಳೇ ಫೋನ್ ಒಂದು, ಕಿಟಕಿ ಸರಳಿಗೆ ಕಚ್ಚುವ ಕ್ಲ್ಯಾಂಪ್ ಒಂದು, ಪವರ್ ಬ್ಯಾಂಕ್ ಒಂದು. ಮೇ ತಿಂಗಳ ಬಿಸಿಲಿಗೆ ಫೋನ್ ಕಾದು ನಿಂತುಬಿಡುತ್ತದೆ, ಬಿಳಿ ಬಟ್ಟೆ ಹೊದಿಸಿ. ಕ್ಲ್ಯಾಂಪ್ ಮೇಲೆ ಭರವಸೆ ಇಡದೆ ಫೋನಿಗೆ ಹಗ್ಗವನ್ನೂ ಕಟ್ಟಿ. ನಮ್ಮದು ಒಂದು ಶನಿವಾರ ಎರಡನೇ ಮಹಡಿಯಿಂದ ಜಾರಿ, ಕೆಳಗೆ ಬಾಳೆಲೆ ಮಾರುವವನ ಕಟ್ಟಿನ ಮೇಲೆ ಬಿತ್ತು. ಏನೂ ಆಗಲಿಲ್ಲ, ರೆಕಾರ್ಡಿಂಗ್ ಕೂಡ ನಿಲ್ಲಲಿಲ್ಲ. ನಾನು ಮೆಟ್ಟಿಲು ಇಳಿದು ಓಡುವಷ್ಟರಲ್ಲಿ ಫ್ರೇಮಿನ ಸುತ್ತ ಏಳೆಂಟು ಮುಖ, ಎಲ್ಲ ಬಗ್ಗಿ ನೋಡುತ್ತಿರುವವು, ಅದರಲ್ಲಿ ಒಂದು ಅಜ್ಜಿಯದು. ಅಷ್ಟು ಸ್ಪಷ್ಟವಾದ ಮುಖಗಳು ನಮ್ಮ ಬೇರೆ ಯಾವ ವಿಡಿಯೋದಲ್ಲೂ ಇರಲಿಲ್ಲ. ಎಲ್ಲರಿಗೂ ಒಮ್ಮೆ ತೋರಿಸಿ, ಅವರ ಎದುರೇ ಅಳಿಸಿದೆವು. ಬಾಳೆಲೆಯವನು ಎರಡು ಹರಿದ ಎಲೆಗೆ ದುಡ್ಡು ತಗೊಂಡ.